ರಾಸ್ಮಿಯ ಕಡಲ ಗುರುತು

ರಾಸ್ಮಿಯ ಹೆಣ ಎತ್ತಲು ಇನ್ನೇನು ಹೊತ್ತಾಯಿತು ಎನ್ನುವಾಗ ಗಿಬ್ಬಿ ಅವನ ಹೆಂಡತಿ ಓಸ್ಲಾಳ ತೋಳು ಹಿಡಿದು ಮನೆಯ ಹಿಂದಕ್ಕೆ ಕರೆದುಕೊಂಡು ಹೋದ.

"ಅತ್ತಿಗೆ, ಇವತ್ತು ಕೇಳಬಾರದು, ಗೊತ್ತು. ಆದ್ರೂ ಅಣ್ಣ ಹೋಗೋ ಮುಂಚೆ ನಿಂಗೆ ಹೇಳಿರ್ಬೇಕಲ್ಲ? ಆ ಮುಳುಗಿದ ಹಡಗಿನ ಹಿಂಭಾಗ ಎಲ್ಲಿ ಬಿದ್ದಿದೆ ಅಂತ?"

"ಹೇಳಿದ್ದಾರೆ."

"ಯಾರಿಗೂ ಗೊತ್ತಿಲ್ಲದ ಜಾಗ ತೋರಿಸಿದೋನಿಗೇ ಕೋರ್ಟು ಮಾಲು ಎತ್ತೋ ಹಕ್ಕು ಕೊಡೋದು. ನಿಂಗರ್ಧ, ನಂಗರ್ಧ."

ಓಸ್ಲಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಕೋಟು ಹೊಸದಾ ಗಿಬ್ಬಿ?"

"ಹೂಂ."

"ಚೆನ್ನಾಗಿದೆ. ನಮ್ಮೋರದು ಕೋರ್ಟಿನ ಬೆಂಚಿಗೇ ಸವೆದುಹೋಯ್ತು."

\*

ಶೆಟ್ಲೆಂಡಿನ ಆ ದ್ವೀಪದಲ್ಲಿ ಮೀನುಗಾರ ಕಡಲಲ್ಲಿನ ತನ್ನ ಜಾಗದ ಗುರುತನ್ನು ಬಾಯಿಬಿಟ್ಟು ಹೇಳುವುದಿಲ್ಲ. ದೋಣಿಯಿಂದ ನೋಡಿದಾಗ ದಡದ ಎರಡು ವಸ್ತು ಒಂದರ ಹಿಂದೊಂದು ಬರಬೇಕು, ಬೇರೆ ದಿಕ್ಕಿನಲ್ಲಿ ಇನ್ನೆರಡು. ಆ ಗೆರೆಗಳು ಕೂಡಿದಲ್ಲಿ ಅವನ ಜಾಗ. ಮಗನಿಗಾದರೂ ದೋಣಿಯಲ್ಲಿ ಕೂರಿಸಿ ಕಣ್ಣಲ್ಲೇ ತೋರಿಸುವುದು.

ಗಿಬ್ಬಿ ಜ್ವರದಲ್ಲಿ ಮಲಗಿದ್ದ ದಿನ ರಾಸ್ಮಿಯ ಏಡಿಬೋನಿನ ಜೊತೆ ಹಿತ್ತಾಳೆಯ ತುಂಡೊಂದು ಮೇಲೆ ಬಂತು. ಬೆಳ್ಳಿ ಹೊತ್ತು ಮುಳುಗಿದ್ದ ಹಳೆಯ ಡಚ್ ಹಡಗಿನದು. ರಾಸ್ಮಿಗೆ ಮಕ್ಕಳಿರಲಿಲ್ಲ. ಚಿಕ್ಕಮ್ಮನ ಮಗ, ಒಂದೇ ದೋಣಿಯವನು ಎಂದು ಗಿಬ್ಬಿಗೆ ಆ ಗುರುತನ್ನು ಬಾಯಲ್ಲೇ ಹೇಳಿಬಿಟ್ಟ. ಆ ಬೇಸಿಗೆಯಲ್ಲೇ ಗಿಬ್ಬಿ ದಕ್ಷಿಣದಿಂದ ಮುಳುಗುಗಾರರ ಕಂಪನಿಯೊಂದನ್ನು ಕರೆತಂದ. ಕೋರ್ಟಿನಲ್ಲಿ ಕೈಯೆತ್ತಿ, ಮೊದಲು ಕಂಡದ್ದು ನಾನು ಎಂದು ಆಣೆ ಮಾಡಿದ. ರಾಸ್ಮಿ ಕೋರ್ಟಿಗೆ ಅಲೆದಲೆದು ಸೋತ, ಗಿಬ್ಬಿ ಗೆದ್ದ.

ಅವರಿಗೆ ದಕ್ಕಿದ್ದು ಹಡಗಿನ ಮುಂಭಾಗ ಮಾತ್ರ. ಬೆಳ್ಳಿಯಿದ್ದ ಹಿಂಭಾಗ ಒಡೆದು ಬೇರೆಲ್ಲೋ ಬಿದ್ದಿತ್ತು. ಅದೂ ರಾಸ್ಮಿಗೇ ಸಿಕ್ಕಿತು. ಈ ಸಲ ಅವನು ತುಟಿ ಬಿಚ್ಚಲಿಲ್ಲ. ಗಿಬ್ಬಿ ಬೇಸಿಗೆ ಬೇಸಿಗೆಗೂ ಬರೀ ಮರಳು ತಡಕುವುದನ್ನು ಕಿಟಕಿಯಲ್ಲಿ ಕೂತು ನೋಡುತ್ತ ಪೈಪು ಸೇದುತ್ತಿದ್ದ. ಮುದಿತನದಲ್ಲಿ ಅವನಿಗಿದ್ದ ಸುಖ ಅದೊಂದೇ.

ಸಾಯುವಾಗ ಹೆಂಡತಿಗೆ ಹೇಳಿದ್ದು ಇಷ್ಟೇ: "ಗಿಬ್ಬಿ ಒಬ್ಬನಿಗೆ ಸಿಗಬಾರದು ಕಣೇ. ಉಳಿದದ್ದು ನಿನ್ನಿಷ್ಟ."

\*

ಶವಪೆಟ್ಟಿಗೆಯನ್ನು ಅಂಗಳದಲ್ಲಿ ಎರಡು ಕುರ್ಚಿಗಳ ಮೇಲೆ ಇಟ್ಟಿದ್ದರು. ದ್ವೀಪದ ಗಂಡಸರೆಲ್ಲ ಒಂದೊಂದು ಗುಟುಕು ವಿಸ್ಕಿ ಕುಡಿದು, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅಲ್ಲಿ ಹೆಂಗಸರು ಮಸಣಕ್ಕೆ ಹೋಗುವ ಪದ್ಧತಿಯಿಲ್ಲ. ಓಸ್ಲಾ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

"ನಮ್ಮೋರ ಗುರುತು ಹೇಳ್ತೀನಿ. ಎಲ್ಲಾರೂ ಕೇಳಿಸ್ಕೊಳ್ಳಿ."

"ಅಯ್ಯೋ, ಬೇಡ್ವೇ ಓಸ್ಲಾ!" ಎಂದಳು ನೆರೆಮನೆಯ ಬಾಬಿ.

"ಇಗರ್ಜಿಯ ಗಂಟೆಗೂಡಿನ ಹಿಂದಕ್ಕೆ ಬಡಗಣ ಗುಡ್ಡದ ಕಲ್ಲುಗುಪ್ಪೆ ಬರಬೇಕು. ದೀಪಸ್ತಂಭದ ಬುಡಕ್ಕೆ ಕಪ್ಪು ಬಂಡೆ ತಾಗಬೇಕು. ಬೆಳ್ಳಿ ಅಲ್ಲಿದೆ."

ಗಿಬ್ಬಿ ಜನರನ್ನು ಸರಿಸಿಕೊಂಡು ಮುಂದೆ ಬಂದ.

"ತಲೆ ಕೆಟ್ಟಿದ್ಯಾ ಅತ್ತಿಗೆ? ಊರಿಗೆಲ್ಲ ಗೊತ್ತಾದ್ಮೇಲೆ ಕೋರ್ಟಲ್ಲಿ ನಾನೇನು ಹೇಳ್ಲಿ?"

"ಮೊದಲು ಕಂಡದ್ದು ನಾನೇ ಅನ್ನು. ಬಾಯಿಪಾಠ ಇದೆಯಲ್ಲ ನಿಂಗೆ. ಇವರೆಲ್ಲ ಸಾಕ್ಷಿಗೆ ಬರ್ತಾರೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು, ಟೋಪಿಯಿಂದ ಬಾಯಿ ಮುಚ್ಚಿಕೊಂಡರು.

ಮಸಣ ಕಡಲಿಗೆ ಚಾಚಿದ ದಿಬ್ಬದ ಮೇಲಿದೆ. ಪೆಟ್ಟಿಗೆ ಇಳಿಸುವ ಹಗ್ಗಗಳಲ್ಲಿ ತಲೆಯ ಕಡೆಯದನ್ನು ಹತ್ತಿರದ ರಕ್ತಸಂಬಂಧಿಯೇ ಹಿಡಿಯಬೇಕು. ಅದು ಗಿಬ್ಬಿಯ ಕೈಗೆ ಬಂತು. ಪಾದ್ರಿ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದ. ಒಂದು ತಲೆಯೂ ಬಾಗಲಿಲ್ಲ. ಗಂಡಸರೆಲ್ಲ ಕಡಲಿಗೆ ಮುಖಮಾಡಿ, ಒಂದು ಕಣ್ಣು ಕಿರಿದು ಮಾಡಿಕೊಂಡು, ಬಂಡೆಯನ್ನೂ ದೀಪಸ್ತಂಭವನ್ನೂ ಅಳೆಯುತ್ತ ನಿಂತಿದ್ದರು.

ಗಿಬ್ಬಿ ಒಬ್ಬನೇ ಗುಂಡಿಯೊಳಗೆ ನೋಡುತ್ತಿದ್ದ.