ಬಚ್ಚಲ ಬಾಗಿಲಿನ ಐದಿಂಚು

ಹೊಸ ಮನೆಗೆ ಸಾಮಾನು ಸಾಗಿಸಲು ಇನ್ನೊಂದು ವಾರವಿತ್ತು. ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಮಾವ ಒಂದೊಂದೇ ಕೋಣೆ ತೋರಿಸುತ್ತ ಬಂದರು. ಜೊತೆಗೆ ಮನೆ ಕಟ್ಟಿದ ಮೇಸ್ತ್ರಿ, ಹಿಂದೆ ಅಳಿಯ. ನಕ್ಷೆ ಬರೆದು ಸಹಿ ಹಾಕಿದ ಎಂಜಿನಿಯರ್ ಅವನೇ. ಎರಡು ವರ್ಷದ ಹಿಂದೆ ಅತ್ತೆಯ ಕಾಲು ಸೋತ ಮೇಲೆ, ಮೆಟ್ಟಿಲೇ ಇಲ್ಲದ ಮನೆಯೊಂದು ಬೇಕೆಂದು ಮಾವ ಹಟ ಹಿಡಿದು ಕಟ್ಟಿಸಿದ್ದರು.

ಬಚ್ಚಲ ಬಾಗಿಲಲ್ಲಿ ಕುರ್ಚಿ ಸಿಕ್ಕಿಕೊಂಡಿತು. ಹಿಂದಕ್ಕೆಳೆದು, ಓರೆ ಮಾಡಿ ನೂಕಿದರೂ ಹೋಗಲಿಲ್ಲ. ಚೌಕಟ್ಟಿನ ಹೊಸ ಬಣ್ಣ ಮಾತ್ರ ಕಿತ್ತುಬಂತು.

“ನಲವತ್ತು ವರ್ಷ ಎಂತೆಂಥಾ ಸಂದಿಲಿ ಬಸ್ ತೂರಿಸಿದೀನಿ, ಈ ಕುರ್ಚಿ ತೂರಿಸೋಕಾಗ್ತಿಲ್ವಲ್ಲ!” ಮಾವ ಮೇಸ್ತ್ರಿಯ ಕಡೆ ತಿರುಗಿದರು. “ಏನಯ್ಯಾ, ಅಳತೆ ಟೇಪು ಮನೇಲಿ ಬಿಟ್ಟು ಬಂದಿದ್ಯಾ?”

“ನಕ್ಷೇಲಿ ಮೂವತ್ತಿಂಚು ಇತ್ತು ಸಾರ್. ಮೂವತ್ತೇ ಬಿಟ್ಟಿದೀನಿ.”

“ಕುರ್ಚಿ ಇರೋದೇ ಇಪ್ಪತ್ತೇಳು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಕೈಯಿಂದಾನೇ ದುಡ್ಡು ಹಾಕಿ ಸರಿ ಮಾಡ್ಕೊಡು.”

ಅಳಿಯ ಮನಸ್ಸಲ್ಲೇ ಲೆಕ್ಕ ಹಾಕಿದ. ಮೂವತ್ತು ಚೌಕಟ್ಟಿನ ಹೊರ ಅಳತೆ. ಎರಡೂ ಬದಿಯ ಮರ ಕಳೆದರೆ ಉಳಿಯುವುದು ಇಪ್ಪತ್ತೈದು. ಆ ಐದಿಂಚನ್ನು ಮರೆತವನು ತಾನೇ. ಆದರೆ ‘ಅಳಿಯ ಬರೆದ ಮನೆ’ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡಿದ್ದ ಮಾವನ ಮುಂದೆ ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಮೇಸ್ತ್ರಿ ತಲೆ ತಗ್ಗಿಸಿ ಹೊರಗೆ ಹೋದ.

ಸಂಜೆ ಅಳಿಯ ಹೆಂಡತಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: “ಸಹಿ ಯಾರದೋ ಹೊಣೆ ಅವರದೇ ಅಂತ ಆಫೀಸಲ್ಲಿ ಎಲ್ರಿಗೂ ಪಾಠ ಹೇಳ್ತೀರಲ್ಲ, ಅಪ್ಪನ ಮನೆಗೆ ಬೇರೆ ಪಾಠಾನಾ?”

ಬೆಳಗ್ಗೆ ಅವನು ಹೋದಾಗ ಮೇಸ್ತ್ರಿ ಚೌಕಟ್ಟಿಗೆ ಉಳಿ ಇಟ್ಟಿದ್ದ. ಮಾವ ಪಕ್ಕದಲ್ಲೇ ಕಾವಲು.

“ಮಾವ, ಮೇಸ್ತ್ರಿದೇನೂ ತಪ್ಪಿಲ್ಲ. ಮರದ ದಪ್ಪ ಲೆಕ್ಕಕ್ಕೆ ಹಿಡೀದೆ ಬರೆದೋನು ನಾನು. ಬಾಗಿಲ ಮೇಲಿನ ಲಿಂಟಲ್ ತೊಲೆ ಉದ್ದ ಸಾಲದೆ ಗೋಡೆ ಪೂರ್ತಿ ಬಿಚ್ಚಬೇಕಾಗಬಹುದು. ಏನೇ ಆದ್ರೂ ಅದು ನನ್ನ ಜವಾಬ್ದಾರಿ.”

ಮಾವ ಸಿಮೆಂಟ್ ಚೀಲದ ಮೇಲೆ ಕುಳಿತರು. ಮೇಸ್ತ್ರಿ ಉಳಿ ಕೆಳಗಿಟ್ಟ.

“ಗೋಡೆ ಯಾಕ್ ಬಿಚ್ಬೇಕು? ಲಿಂಟಲ್ ತುಂಡು ತುಂಡಾಗಿ ಹಾಕೋದು ನನಗೆ ಸರಿಬರಲ್ಲ, ಗೋಡೆ ಉದ್ದಕ್ಕೂ ಒಂದೇ ಎಳೆದಿದೀನಿ. ಪಕ್ಕದಲ್ಲಿ ಹತ್ತಿಂಚು ಕುಯ್ದು ಬೇರೆ ಚೌಕಟ್ಟು ಕೂರಿಸಿದ್ರೆ ಆಯ್ತು. ಮೂರು ದಿನ.”

ಅಳಿಯ ಬಿಟ್ಟ ಉಸಿರು ಖಾಲಿ ಕೋಣೆಯಲ್ಲೆಲ್ಲ ಕೇಳಿಸಿತು.

ಮಾವ ಎದ್ದು ಮೇಸ್ತ್ರಿಯ ಭುಜ ಹಿಡಿದರು. “ನಿನ್ನೆ ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ಮನಸಿಗೆ ಹಚ್ಕೋಬೇಡಪ್ಪಾ.”

“ಬೈದಿದ್ದು ಇರ್ಲಿ ಸಾರ್, ನನ್ನನ್ನ ಕುಣಿಯೋಳು ಮಾಡಿದ್ರಲ್ಲ!”

ಇಬ್ಬರೂ ನಕ್ಕರು. ಆಮೇಲೆ ಮಾವ ಅಳಿಯನನ್ನು ನೋಡಿದರು. “ಅಳತೆ ಎಲ್ರಿಗೂ ತಪ್ಪತ್ತೆ. ಒಂದು ರಾತ್ರಿ ಅದನ್ನ ಅವನ ತಲೆ ಮೇಲೆ ಬಿಟ್ಟು ಹೋದ್ರಲ್ಲ, ಅದು ಸರಿಯಿಲ್ಲ.”

“ಹೌದು ಮಾವ.” ಅವನು ಮೇಸ್ತ್ರಿಯ ಬಳಿ ಕ್ಷಮೆ ಕೇಳಿದ. ಮನಸ್ಸು ಹತ್ತಿಯಷ್ಟು ಹಗುರಾಯಿತು.

ನಾಲ್ಕನೆಯ ದಿನ ಅತ್ತೆ ಯಾರನ್ನೂ ಕುರ್ಚಿ ಮುಟ್ಟಗೊಡಲಿಲ್ಲ. ತಾವೇ ಗಾಲಿ ತಿರುಗಿಸಿಕೊಂಡು ಬಚ್ಚಲೊಳಗೆ ಹೋಗಿ ಬಾಗಿಲು ಹಾಕಿ ಚಿಲಕ ಜಡಿದರು. ಎರಡು ವರ್ಷಗಳಲ್ಲಿ ಅದೇ ಮೊದಲು. ನಲ್ಲಿಯ ನೀರು ಸುರಿಯುವ ಸದ್ದಾಯಿತು.

“ಮೂವರೂ ಅಲ್ಲೇ ನಿಂತಿದೀರಾ? ಹೋಗ್ರಪ್ಪಾ, ನಿಮ್ಮ ನಿಮ್ಮ ಕೆಲಸ ನೋಡ್ಕೊಳ್ಳಿ!”