ಸೆಲಾಳನ್ನು ಯಾರು ನೋಡಬೇಕು

ನಮ್ಮಕ್ಕ ಲವೋನ್ ಶಾಸನಭವನದ ಕಾರಿಡಾರಿನಲ್ಲಿ ಕಾಣಿಸಿಕೊಂಡರೆ ಸಾಕು, ಶಾಸಕರು ಟೈ ಸರಿಮಾಡಿಕೊಳ್ಳುತ್ತಿದ್ದರು. ಅದು ಗೌರವವಲ್ಲ, ಹೆದರಿಕೆ ಎಂದು ನಾನು ಛೇಡಿಸುತ್ತಿದ್ದೆ. "ಯಾವುದಾದ್ರೇನು, ಓಟು ಬಿದ್ರೆ ಸರಿ" ಎನ್ನುತ್ತಿದ್ದಳು ಅವಳು.

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ನಮ್ಮ ಚರ್ಚ್ ಸಭೆಗಳ ತಾಯಂದಿರಿಗೆಲ್ಲ ಅವಳೇ ಮುಖಂಡೆ. ಫೆಬ್ರವರಿಯಲ್ಲಿ ಒಂದು ದಿನ ಅವರೆಲ್ಲ ಪೆಕಾನ್ ಬೀಜದ ಸಿಹಿ ಪೈ ಮಾಡಿಕೊಂಡು ರಾಜಧಾನಿಗೆ ಹೋಗುತ್ತಾರೆ. ಉದ್ದ ಲಂಗದ ಹುಡುಗಿಯರು, ತಲೆ ನೀಟಾಗಿ ಬಾಚಿದ ಹುಡುಗರು ಒಬ್ಬೊಬ್ಬ ಶಾಸಕನ ಮೇಜಿನ ಮೇಲೂ ಒಂದೊಂದು ಪೈ ಇಟ್ಟು, "ನಿಮಗೋಸ್ಕರ ಪ್ರಾರ್ಥನೆ ಮಾಡ್ತಿದೀವಿ ಸರ್" ಎಂದು ಹೇಳಿ ಬರುತ್ತಾರೆ. ತಿಂದ ಬಾಯಿ ನಮ್ಮ ವಿರುದ್ಧ ಹೇಗೆ ಮಾತಾಡೀತು? ಮನೆಯಲ್ಲಿ ಓದುವ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಒಬ್ಬ ಡಾಕ್ಟರೋ ಮೇಷ್ಟರೋ ಕಣ್ಣಾರೆ ನೋಡಬೇಕು ಎಂಬ ಮಸೂದೆ ಬಂದಾಗಲೆಲ್ಲ ಅಕ್ಕ ಅದನ್ನು ಸಮಿತಿಯಲ್ಲೇ ಮುಗಿಸಿ ಬಂದಿದ್ದಳು. "ಮನೆ ಹೊಸಿಲು ದಾಟೋ ಹಕ್ಕು ಸರ್ಕಾರಕ್ಕಿಲ್ಲ" ಎನ್ನುವುದು ಅವಳ ಮಾತು. ಅದನ್ನು ಟೀ ಶರ್ಟುಗಳ ಮೇಲೂ ಅಚ್ಚು ಹಾಕಿಸಿದ್ದರು.

ನಾನು ವರ್ಲೀನ್, ಅವಳ ತಂಗಿ. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಭಾನುವಾರ ಸಭೆಗೆ ಹೋಗುತ್ತೇನೆ, ಅಕ್ಕನ ವ್ಯಾನು ಓಡಿಸುತ್ತೇನೆ. ಬಾಯಿ ಮಾತ್ರ ಸ್ವಲ್ಪ ಜೋರು.

ಕಳೆದ ಕ್ರಿಸ್ಮಸ್ ಊಟಕ್ಕೆ ನಾವಿಬ್ಬರೂ ಅಕ್ಕನ ಮಗಳು ತಬಿತಾಳ ಮನೆಗೆ ಹೋಗಿದ್ದೆವು. ಊರಾಚೆ ಜಲ್ಲಿ ರಸ್ತೆಯ ಕೊನೆಗೆ, ಗೋಧಿ ಹೊಲದ ಅಂಚಿನಲ್ಲಿ ಒಂಟಿ ಮನೆ. ಅಳಿಯ ಬ್ರೆಂಟ್ ಊಟಕ್ಕೆ ಮುಂಚೆ ಉದ್ದಕ್ಕೆ ಪ್ರಾರ್ಥನೆ ಮಾಡಿದ. ಅವರ ಒಬ್ಬಳೇ ಮಗಳು ಸೆಲಾ, ಒಂಬತ್ತು ವರ್ಷದವಳು, ಕಣ್ಣು ತೆರೆದುಕೊಂಡೇ ಕೂತಿದ್ದಳು. ಎಲ್ಲರೂ ಆಮೆನ್ ಅನ್ನುವಷ್ಟರಲ್ಲಿ ಬನ್ನೊಂದು ಅವಳ ಸ್ವೆಟರಿನ ತೋಳಿನೊಳಗೆ ಹೋಗಿತ್ತು. ಹೊರಡುವಾಗ ಅಕ್ಕ ಅವಳನ್ನು ತಬ್ಬಿಕೊಂಡು ಹಾಗೇ ನಿಂತುಬಿಟ್ಟಳು. ಸ್ವೆಟರಿನ ಒಳಗೆ ಮೂಳೆ ಬಿಟ್ಟರೆ ಏನೂ ಇರಲಿಲ್ಲವಂತೆ. ನಾನು ಕೋಟು ತರಲು ಒಳಗೆ ಹೋದಾಗ ಹುಡುಗಿಯ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಸಿದ್ದನ್ನು ನೋಡಿದ್ದೆ.

"ಉಪವಾಸ ಕಲಿಸ್ತಿದೀನಿ ಅತ್ತೆ" ಎಂದ ಬ್ರೆಂಟ್, ಯಾರೂ ಕೇಳದಿದ್ದರೂ. "ಹಟ ಜಾಸ್ತಿ ಅವಳಿಗೆ."

ತಬಿತಾ ತಲೆ ಎತ್ತದೆ ತಟ್ಟೆ ತೊಳೆಯುತ್ತಿದ್ದಳು.

ವ್ಯಾನಿಗೆ ಹತ್ತಿದ ಕೂಡಲೇ ನಾನು ಫೋನು ತೆಗೆದೆ. "ಮಕ್ಕಳ ಇಲಾಖೆಯವರು ಇರೋದೇ ಇದಕ್ಕೆ ಅಕ್ಕಾ. ನಾನೇ ಮಾಡ್ತೀನಿ, ಬಿಡು."

"ಇಡು ಅದನ್ನ. ಅವರು ಬಂದ್ರೆ ಮಗೂನ ಎತ್ಕೊಂಡ್ಹೋಗಿ ಯಾರ್ಯಾರ ಮನೇಲೋ ಹಾಕ್ತಾರೆ. ಕರ್ತನ ಕ್ರಮ ಅಂತ ಒಂದಿದೆ."

"ಚಿಲಕ ನೋಡಿದೀನಿ ನಾನು!"

"ನನ್ನ ಮೊಮ್ಮಗಳು ವರ್ಲೀನ್. ನಿನ್ನವಳಲ್ಲ."

ಹೆರದವಳ ಬಾಯಿ ಮುಚ್ಚಿಸಲು ಅಷ್ಟು ಸಾಕು. ನಾನು ಗಾಡಿ ಓಡಿಸಿದೆ.

ನಮ್ಮ ಸಭೆಯಲ್ಲಿ ಬೈಬಲಿನ ಆ ಕ್ರಮ ಗೊತ್ತಿಲ್ಲದವರಿಲ್ಲ. ಸಹೋದರ ತಪ್ಪು ಮಾಡಿದರೆ ಮೊದಲು ಒಬ್ಬರೇ ಹೋಗಿ ಗುಟ್ಟಾಗಿ ಹೇಳಬೇಕು. ಕೇಳದಿದ್ದರೆ ಇನ್ನಿಬ್ಬರನ್ನು ಕರೆದುಕೊಂಡು ಹೋಗಬೇಕು. ಆಗಲೂ ಕೇಳದಿದ್ದರೆ ಸಭೆಯ ಮುಂದಿಡಬೇಕು. ಹೊರಗಿನವರ ಬಳಿ ಹೋಗುವುದು ದ್ರೋಹ. ಸಾಲ ತೀರಿಸದವನಿಗೆ, ಚಾಡಿ ಹೇಳುವವಳಿಗೆ ಒಳ್ಳೆಯ ಕ್ರಮವೇ. ಮಗುವನ್ನು ಕೂಡಿಹಾಕಿದವನಿಗೆ ಇದು ಮೂರು ಸಲ ಮುನ್ಸೂಚನೆ ಕೊಟ್ಟ ಹಾಗೆ. ಅದನ್ನೇ ಅಕ್ಕನಿಗೆ ಹೇಳಿದೆ. ಅಕ್ಕ ನನ್ನನ್ನು ಅವಿಶ್ವಾಸಿ ಎಂದಳು.

ಜನವರಿಯ ಮೊದಲ ವಾರ ಅಕ್ಕ ಒಬ್ಬಳೇ ಬ್ರೆಂಟನನ್ನು ನೋಡಲು ಹೋದಳು. ನಾನು ವ್ಯಾನಿನಲ್ಲೇ ಕೂತಿದ್ದೆ. ಬರುವಾಗ ಅವಳ ಮುಖ ಅರಳಿತ್ತು. "ನೇರವಾಗಿ ನನ್ನ ಹತ್ರಾನೇ ಬಂದ್ರಲ್ಲ ಅತ್ತೆ, ಅದು ನಿಮ್ಮ ದೊಡ್ಡತನ ಅಂದ ಕಣೇ. ಕಣ್ಣಲ್ಲಿ ನೀರು ಬಂತು ಅವನಿಗೆ."

"ಸೆಲಾ?"

"ಮಲಗಿದ್ಳಂತೆ."

"ಮಧ್ಯಾಹ್ನ ಮೂರು ಗಂಟೇಲಿ?"

ಅಕ್ಕ ಸೀಟ್ ಬೆಲ್ಟು ಎಳೆದು ಹಾಕಿಕೊಂಡಳು. ಆದರೆ ಆ ಪ್ರಶ್ನೆ ಅವಳನ್ನು ಕೊರೆದಿರಬೇಕು. ಮುಂದಿನ ವಾರ ತಾನೇ ಪಾಸ್ಟರ್ ರಸೆಲ್ ಅವರನ್ನೂ ನನ್ನನ್ನೂ ಹೊರಡಿಸಿದಳು. ಬ್ರೆಂಟ್ ಸಿದ್ಧನಾಗಿಯೇ ಇದ್ದ. ಸೆಲಾಳಿಗೆ ಸ್ನಾನ ಮಾಡಿಸಿ, ಜಡೆ ಹಾಕಿಸಿ, ಕೈ ಮುಚ್ಚುವ ಉಡುಪು ತೊಡಿಸಿ ನಿಲ್ಲಿಸಿದ್ದರು. ಕೆನ್ನೆಗೆ ಏನೋ ಬಣ್ಣ ಹಚ್ಚಿದ್ದರು, ನನ್ನ ಕಣ್ಣಿಗೆ ಮೋಸ ಮಾಡುವುದು ಕಷ್ಟ.

"ಚೆನ್ನಾಗಿದೀಯಾ ಮಗಳೇ?" ಎಂದರು ಪಾಸ್ಟರ್.

"ಚೆನ್ನಾಗಿದೀನಿ ಸರ್."

"ಅಂಗಿ ತೋಳು ಮೇಲೆ ಸರಿಸು ಚಿನ್ನಾ, ನೋಡೋಣ" ಎಂದೆ ನಾನು.

"ಬೆಳೀತಿರೋ ಹುಡುಗಿ. ಬೇಡ ಸಿಸ್ಟರ್" ಎಂದರು ಪಾಸ್ಟರ್ ಮೆಲ್ಲಗೆ. ಎಲ್ಲರೂ ಕೈ ಹಿಡಿದು ಪ್ರಾರ್ಥನೆ ಮಾಡಿದೆವು. ಸೆಲಾಳ ಕೈ ನನ್ನ ಕೈಯಲ್ಲಿತ್ತು, ತಣ್ಣಗೆ. ಎಳೆದುಕೊಂಡು ಓಡಬೇಕಿತ್ತು ಎಂದು ಈಗಲೂ ಅನಿಸುತ್ತದೆ. ಹೊರಗೆ ಬಂದ ಮೇಲೆ ಅಕ್ಕ, ತನಗೆ ಸಮಾಧಾನವಿಲ್ಲ, ಭಾನುವಾರ ಸಭೆಯ ಮುಂದಿಡುತ್ತೇನೆ ಎಂದಳು. ಕ್ರಮದ ಪ್ರಕಾರ ಅದನ್ನೂ ಬ್ರೆಂಟನಿಗೆ ಮೊದಲೇ ತಿಳಿಸಬೇಕು ಎಂದರು ಪಾಸ್ಟರ್. ತಿಳಿಸಿದರು.

ಭಾನುವಾರ ಅವರು ಸಭೆಗೆ ಬರಲಿಲ್ಲ. ಮನೆ ಖಾಲಿಯಾಗಿತ್ತು. ತಬಿತಾಳ ಫೋನು ಸತ್ತಿತ್ತು. ಕ್ಯಾನ್ಸಸ್ ಕಡೆ ಹೋದರು ಎಂದ ಒಬ್ಬ ನೆರೆಯವನು, ಇನ್ನೊಬ್ಬ ಟೆಕ್ಸಸ್ ಎಂದ.

ಆಗ ಪೊಲೀಸರ ಬಳಿ ಹೋದೆವು. ಅಲ್ಲಿದ್ದವನು ಒಳ್ಳೆಯ ಹುಡುಗ, ಪೆನ್ನು ಹಿಡಿದು ಕೂತ. "ಯಾವ ಸ್ಕೂಲು ಅಮ್ಮಾ?" ಸ್ಕೂಲಿಲ್ಲ. "ಡಾಕ್ಟ್ರು ಯಾರು?" ಯಾರೂ ಇಲ್ಲ. ಸೆಲಾ ಹುಟ್ಟಿದ್ದು ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ; ಹುಟ್ಟಿದ್ದನ್ನು ಬ್ರೆಂಟ್ ಎಲ್ಲೂ ಬರೆಸಿರಲಿಲ್ಲ. "ಹೆತ್ತವರ ಜೊತೆ ಹೋದ ಮಗು. ಸರ್ಕಾರದ ಲೆಕ್ಕದಲ್ಲಿ ಇಲ್ಲದ ಮಗು. ಎಲ್ಲಿ ಅಂತ ಹುಡುಕ್ಲಿ ಹೇಳಿ" ಎಂದ ಹುಡುಗ, ಪೆನ್ನು ಕೆಳಗಿಟ್ಟು.

ಅಕ್ಕ ಈ ವರ್ಷ ಪೈ ಮಾಡಲಿಲ್ಲ. ಮಾರ್ಚಿನಲ್ಲಿ ಆ ಮಸೂದೆ ಮತ್ತೆ ಬಂತು. ಇದೊಂದು ಪಾಸಾದರೆ ಪಕ್ಕದ ರಾಜ್ಯಗಳೂ ಮಾಡಿಯಾವು, ಎಲ್ಲೋ ಒಬ್ಬ ಡಾಕ್ಟರು ಸೆಲಾಳನ್ನು ನೋಡಿಯಾನು ಎಂಬ ಆಸೆ ಅವಳಿಗೆ ಹೊಕ್ಕಿತ್ತು. ಮುಳುಗುವವಳಿಗೆ ಯಾವ ಕಡ್ಡಿಯಾದರೇನು. ಮಾತಾಡುವವರ ಪಟ್ಟಿಗೆ ಹೆಸರು ಕೊಟ್ಟಳು.

ಸಮಿತಿಯ ಕೋಣೆ ತುಂಬ ಅವಳು ಬೆಳೆಸಿದ ತಾಯಂದಿರೇ, ಅವಳದೇ ಮಾತು ಅಚ್ಚಾದ ಟೀ ಶರ್ಟುಗಳೇ. ಅಧ್ಯಕ್ಷ ಗ್ಯಾರಿಸನ್ ಪ್ಯೂ ಅವಳನ್ನು ನೋಡಿ ನಕ್ಕ. "ಸಿಸ್ಟರ್ ಲವೋನ್, ನಿಮ್ಮನ್ನ ನೋಡಿದ್ರೇ ಹೊಟ್ಟೆ ಹಸಿಯುತ್ತೆ." ಕೋಣೆ ಪೂರ್ತಿ ನಕ್ಕಿತು.

"ಈ ಸಲ ನಾನು ಮಸೂದೆ ಪರವಾಗಿ ಬಂದಿದೀನಿ" ಎಂದಳು ಅಕ್ಕ.

ನಗು ನಿಂತಿತು. ಬನ್ನಿನಿಂದ ಹಿಡಿದು ಖಾಲಿ ಮನೆಯವರೆಗೆ ಎಲ್ಲ ಹೇಳಿದಳು. "ನನ್ನ ಮೊಮ್ಮಗಳು ಬದುಕಿದಾಳೆ ಅಂತ ಹೇಳೋಕೆ ಈ ರಾಜ್ಯದಲ್ಲಿ ಒಂದು ಚೀಟೀನೂ ಇಲ್ಲ. ಇಲ್ಲದ ಹಾಗೆ ನೋಡ್ಕೊಂಡಿದ್ದು ನಾನೇ, ಇದೇ ಕುರ್ಚೀಲಿ ಕೂತು. ಒಬ್ಬ ಡಾಕ್ಟ್ರು, ಒಂದೇ ಸಲ, ಆ ಮಗು ಅಂಗಿ ತೋಳು ಸರಿಸಿ ನೋಡಿದ್ರೆ ಸಾಕಿತ್ತು."

ಪ್ಯೂ ದನಿ ಮೆತ್ತಗಾಯಿತು. "ನಿಮ್ಮ ಪಾಸ್ಟರ್ ನೋಡಿದ್ರಲ್ಲ ಸಿಸ್ಟರ್, ಏನಂದ್ರು?"

"ಚೆನ್ನಾಗಿದಾಳೆ ಅಂದ್ರು."

"ನೀವೂ ನೋಡಿದ್ರಿ."

"ನೋಡ್ದೆ."

"ಮಗೂಗೆ ಏನೋ ಆಗಿದೆ ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲ."

"ನಿಮ್ಮ ಮನೆ ನೋವಿಗೆ ನಾನೂ ಅಳ್ತೀನಿ. ಆದ್ರೆ ಅದಕ್ಕೋಸ್ಕರ ಈ ಎಲ್ಲಾ ತಾಯಂದಿರ ಮನೆ ಬಾಗಿಲು ಒಡೀಬೇಕಾ? ಹೊಸಿಲು ಅಂದ್ರೇನು ಅಂತ ನಮಗೆ ಕಲಿಸಿದ್ದೇ ನೀವು."

ಮಸೂದೆ ಬಿತ್ತು. ಪರವಾಗಿ ಎದ್ದದ್ದು ಎರಡೇ ಕೈ. ಹೊರಗೆ ತಾಯಂದಿರು ಅಕ್ಕನನ್ನು ಸುತ್ತುಗಟ್ಟಿ, ಹೆಗಲ ಮೇಲೆ ಕೈಯಿಟ್ಟು, ಅವಳೊಳಗಿನ ಕಹಿ ತೊಲಗಲಿ ಎಂದು ಗಟ್ಟಿಯಾಗಿ ಪ್ರಾರ್ಥಿಸಿದರು. ಅಕ್ಕ ಕೇಳುತ್ತಿರಲಿಲ್ಲ. ಎದುರಿಗಿದ್ದ ಪುಟ್ಟ ಹುಡುಗಿಯ ಮಣಿಕಟ್ಟನ್ನು ದಿಟ್ಟಿಸುತ್ತಿದ್ದಳು. ಅದರ ತಾಯಿ ಮಗುವನ್ನು ತನ್ನ ಲಂಗದ ಹಿಂದಕ್ಕೆ ಸರಿಸಿಕೊಂಡಳು. ನನಗೆ ಅವಳ ಜುಟ್ಟು ಹಿಡಿಯುವಷ್ಟು ಸಿಟ್ಟು ಬಂತು.

ವ್ಯಾನಿನ ಹತ್ತಿರ ಬಂದಾಗ ಅಕ್ಕನ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಗಾಳಿ ಜೋರಿದ್ದುದರಿಂದ ಸ್ಪೀಕರಿಗೆ ಹಾಕಿದಳು.

"ಅಮ್ಮಾ." ತಬಿತಾ. "ಸಮಿತೀದು ಲೈವ್ ಬರ್ತಿತ್ತು. ನಿನ್ನ ನೋಡ್ದೆ."

"ಎಲ್ಲಿದೀಯಾ? ಸೆಲಾಗೆ ಕೊಡು ಫೋನು. ತಬಿತಾ, ಸೆಲಾಗೆ ಕೊಡು."

"ಅವಳಿಲ್ಲಮ್ಮ. ನಾವು ಊರು ಬಿಟ್ಟ ರಾತ್ರೀನೇ ಹೋದ್ಳು. ಗಾಡೀಲೇ. ಎಬ್ಬಿಸ್ದೆ, ಏಳಲಿಲ್ಲ."

ಅಕ್ಕ ನನ್ನ ಮುಖ ನೋಡಿದಳು, ನಾನೇನೋ ಬೇರೆ ಕೇಳಿಸಿಕೊಂಡಿರಬಹುದು ಎಂಬಂತೆ.

"ಅಮ್ಮಾ, ನೀನು ಒಬ್ಳೇ ಬಂದಿದ್ಯಲ್ಲ, ಅವತ್ತು ಅವಳು ಮಲಗಿರಲಿಲ್ಲ. ನಿನ್ನ ದನಿ ಕೇಳಿಸ್ಕೊಂಡು ಒಳಗೆ ಶೂ ಹಾಕ್ಕೊಂಡು ಕೂತಿದ್ಳು. ಅಜ್ಜಿ ನನ್ನ ಕರ್ಕೊಂಡ್ಹೋಗೋಕೆ ಬಂದಿದಾಳೆ ಅಂತ. ನೀನು ಹೋದ್ಮೇಲೂ ತುಂಬಾ ಹೊತ್ತು ಬಿಚ್ಚಲಿಲ್ಲ."

"ಅವತ್ತು ಮಗೂನ ಕೇಳಿದ್ರೆ ಕೊಡ್ತಿದ್ಯೇನೇ?" ಅಕ್ಕನ ದನಿ ಗಾಳಿಯಲ್ಲಿ ಕೇಳಿಸಿದ್ದೇ ಹೆಚ್ಚು.

"ಕೊಡ್ತಿದ್ದೆ ಅಮ್ಮಾ" ಎಂದಳು ತಬಿತಾ. "ನೀನು ಅವನನ್ನೇ ಕೇಳ್ದೆ, ನನ್ನನ್ನ ಏನೂ ಕೇಳ್ಲೇ ಇಲ್ಲ."