ತಕರಾರಿನ ಋಣ

ಪೊಲೀಸ್ ಕೆಲಸದಲ್ಲಿ ತಲೆಗೂದಲು ನರೆಯತೊಡಗಿದ ಮೇಲೆ ಆಕೆ ರಜೆ ಹಾಕಿ ವಿಶ್ವವಿದ್ಯಾಲಯಕ್ಕೆ ಸೇರಿದಳು. ಆರಿಸಿಕೊಂಡದ್ದು ರಾಜಕೀಯ ತತ್ವಶಾಸ್ತ್ರ. “ಕಾನೂನು ಓದಿದ್ರೆ ಬಡ್ತಿನಾದ್ರೂ ಸಿಗ್ತಿತ್ತು” ಎಂದರು ಠಾಣೆಯವರು. ಗಂಡ ದರ್ಜಿ. ಅವನು ಮಾತ್ರ, “ಮೈ ನಿನ್ನದು, ಅಳತೆ ನಿನ್ನದು. ಬೇರೆಯವರಿಗೆ ಬಿಗಿಯಾದ್ರೆ ನಿನಗೇನು?” ಎಂದು ಬಟ್ಟೆ ಕತ್ತರಿಸುವುದನ್ನು ಮುಂದುವರಿಸಿದ.

ಬಂದೋಬಸ್ತಿಗೆ ನಿಂತಾಗಲೆಲ್ಲ ಅವಳನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಎದುರಿಗೆ ಬೀದಿ ತುಂಬ ಜನ, ಈಚೆ ಬೆರಳೆಣಿಕೆಯ ಪೊಲೀಸರು. ಸರಿಯಿರಿ ಎಂದರೆ ಅಷ್ಟೂ ಜನ ಸರಿಯುತ್ತಾರೆ. ಯಾಕೆ? ಠಾಣೆಯಲ್ಲಿ ಇದನ್ನು ಕೇಳಿದರೆ, “ಹೊಟ್ಟೆ ಸರಿ ಇಲ್ವಾ?” ಅನ್ನುತ್ತಿದ್ದರು.

ತರಗತಿಯಲ್ಲಿ ಅವಳ ಅಕ್ಕಪಕ್ಕದ ಕುರ್ಚಿಗಳು ಖಾಲಿ ಉಳಿದವು. ಹುಡುಗರು ನಮಸ್ಕಾರ ಹೇಳಿ ದೂರ ಕೂರುತ್ತಿದ್ದರು. ಒಂದು ದಿನ ಚರ್ಚೆಯಲ್ಲಿ, “ಆದೇಶ ಪಾಲಿಸೋರಿಲ್ಲದಿದ್ರೆ ಊರು ಒಂದು ದಿನ ನಿಲ್ಲಲ್ಲ” ಎಂದಳು. ಕಿಟಕಿ ಪಕ್ಕದ ಗಡ್ಡದ ಹುಡುಗ ಕೈಯೆತ್ತಿದ.

“ಒಪ್ಪಲ್ಲ. ಪಾಲಿಸೋರು ಜಾಸ್ತಿಯಾಗಿಯೇ ಎಷ್ಟೋ ಊರು ಹಾಳಾಗಿವೆ.”

ಅವನಿಗೆ ತಕರಾರು ಎಂದೇ ಅಡ್ಡಹೆಸರು. ಊಟಕ್ಕೆ ಕರೆದರೂ ಮೊದಲು ಒಪ್ಪಲ್ಲ ಎಂದು, ಆಮೇಲೆ ತಟ್ಟೆ ಹುಡುಕುವವನು ಎನ್ನುತ್ತಿದ್ದರು. ಪಾಠ ಮಾಡುತ್ತಿದ್ದ ಮೇಡಂ ಅವಳ ಕಡೆ ತಿರುಗಿ, “ಉತ್ತರ?” ಎಂದರು. “ಮುಂದಿನ ವಾರ ಹೇಳ್ತೀನಿ” ಎಂದಳು. ಠಾಣೆಯಲ್ಲಿ ಅವಳು ಮೇಲಿನವರಿಗೆ ಹೂಂ ಎಂದಿದ್ದಳು, ಕೆಳಗಿನವರು ಅವಳಿಗೆ ಹೂಂ ಎಂದಿದ್ದರು. ಮುಖದೆದುರೇ ಇಲ್ಲ ಎಂದು ಹೇಳಿ, ಅವಳೇನು ಹೇಳುತ್ತಾಳೋ ಎಂದು ಕಾದು ಕೂತವರು ಯಾರೂ ಇರಲಿಲ್ಲ. ಮುಂದಿನ ವಾರ ತಯಾರಾಗಿಯೇ ಹೋದಳು. ಅಲ್ಲಿಂದ ಅವರಿಬ್ಬರ ಜಗಳ ತರಗತಿ ಮುಗಿದರೂ ಮುಗಿಯದೆ ಬಸ್ ನಿಲ್ದಾಣದವರೆಗೂ ನಡೆಯತೊಡಗಿತು.

ಕೊನೆಯ ವರ್ಷದ ಪ್ರಬಂಧಕ್ಕೆ ಅವಳು ತೆಗೆದುಕೊಂಡ ವಿಷಯ: ಆದೇಶವನ್ನು ಯಾವಾಗ ಧಿಕ್ಕರಿಸಬಹುದು. ಕೊನೆಯ ಅಧ್ಯಾಯ ಬಾಕಿಯಿರುವಾಗ ಬಲಗಣ್ಣಿನ ಅಂಚಿಗೆ ಕಪ್ಪು ಪರದೆ ಇಳಿದಂತಾಯಿತು. ಕಣ್ಣೊಳಗಿನ ರೆಟಿನಾ ಪೊರೆ ಕಳಚಿದೆ ಎಂದ ಕಣ್ಣಿನ ಡಾಕ್ಟರು ಮರುದಿನವೇ ಆಪರೇಷನ್ ಮಾಡಿದರು. ಆಮೇಲೆ ಪೊರೆ ಅಂಟಿಕೊಳ್ಳುವವರೆಗೆ ಹಗಲೂ ರಾತ್ರಿ ಬೋರಲಾಗಿಯೇ ಮಲಗಬೇಕು, ಪುಸ್ತಕ ಮುಟ್ಟುವಂತಿಲ್ಲ.

“ಈ ವರ್ಷ ಬಿಟ್ಟುಬಿಡ್ತೀನಿ” ಎಂದಳು ಗಂಡನಿಗೆ. ಅವನು ಅವಳ ಹಣೆಯ ಕೆಳಗಿನ ದಿಂಬು ಸರಿಮಾಡಿದ.

ಆ ಮಧ್ಯಾಹ್ನ ಬಾಗಿಲಲ್ಲಿ ಶೂ ಕಳಚಿದ ಸದ್ದಾಯಿತು. ತಕರಾರು ಬಂದಿದ್ದ. ನೆಲದ ಮೇಲೆ ಕೂತು ಪುಸ್ತಕ ತೆರೆದ. ಮಂಚದ ಅಂಚಿಗೆ ತಲೆಯಿಟ್ಟು ಕೆಳಮುಖವಾಗಿ ಮಲಗಿದ್ದ ಅವಳಿಗೆ ಕಂಡದ್ದು ಒಳ್ಳೆಯ ಕಣ್ಣಿಗೆ ದಕ್ಕಿದಷ್ಟು ನೆಲ, ಮತ್ತು ಹರಿದ ಕಾಲುಚೀಲದಿಂದ ಹಣಕಿದ ಅವನ ಹೆಬ್ಬೆರಳು.

ದಿನವೂ ಬಂದ. ಒಂದು ಪುಟ ಓದುವುದು, “ಇದನ್ನ ನೀವು ನಂಬ್ತೀರಾ ಅಕ್ಕಾ?” ಎಂದು ಕೆಣಕುವುದು, ಅವಳು ದಿಂಬಿನೊಳಗಿಂದ ಗುಡುಗುವುದು. ಜಗಳ ರಂಗೇರಿದಾಗ ಹೊರಕೋಣೆಯ ಹೊಲಿಗೆ ಯಂತ್ರದ ಸದ್ದು ನಿಲ್ಲುತ್ತಿತ್ತು. ಮಾತು ತಗ್ಗಿದರೆ, “ನಿಲ್ಲಿಸಿಬಿಟ್ರಾ? ಆಮೇಲೇನಾಯ್ತು?” ಎಂದು ಗಂಡ ಕೂಗುತ್ತಿದ್ದ.

ಕೊನೆಯ ಅಧ್ಯಾಯವನ್ನು ಅವಳು ಹೇಳಿದಳು, ಅವನು ಬರೆದುಕೊಂಡ. ತಪ್ಪು ಆದೇಶವನ್ನು ಧಿಕ್ಕರಿಸಬಹುದು, ಆದರೆ ಧಿಕ್ಕರಿಸಿದವರು ಶಿಕ್ಷೆಗೆ ತಲೆಬಾಗಬೇಕು ಎಂಬುದು ಅವಳ ವಾದ. ಅವನಿಗದು ಸುತರಾಂ ಹಿಡಿಸಲಿಲ್ಲ. ಆದರೂ ಒಂದಕ್ಷರ ಬದಲಿಸದೆ ಬರೆದ. ಮರುದಿನ ಬಂದವನೇ,

“ಅಕ್ಕಾ, ನಿಮ್ಮ ವಾದ ಒಂದು ಕಡೆ ಸೋರ್ತಿದೆ. ತಪ್ಪು ಆದೇಶ ಕೊಟ್ಟೋನೇ ಶಿಕ್ಷೆ ಕೊಡೋನೂ ಆದ್ರೆ? ಪರೀಕ್ಷಕರು ಇಲ್ಲೇ ಹಿಡೀತಾರೆ” ಎಂದ.

“ಹಿಡೀಲಿ ಬಿಡು. ನೀನಂತೂ ಒಪ್ಪಲ್ವಲ್ಲ.”

“ನಾನು ಒಪ್ಪಲ್ಲ ಅನ್ನೋದು ಬೇರೆ, ನಿಮ್ಮ ವಾದ ಕುಂಟಬಾರದು ಅನ್ನೋದು ಬೇರೆ. ಕುಂಟೋದನ್ನ ಕೆಡವಿ ನನಗೇನು ಸಿಗುತ್ತೆ?”

ನೆಲದ ಮೇಲೆ ಹನಿ ಬಿದ್ದದ್ದು ಕಂಡು ಅವನು ಗಾಬರಿಯಾಗಿ ಎದ್ದ.

“ಅಣ್ಣಾ, ಅಕ್ಕನ ಕಣ್ಣಲ್ಲಿ ನೀರು ಬರ್ತಿದೆ, ಡಾಕ್ಟ್ರಿಗೆ ಫೋನ್ ಮಾಡಿ.”

ಗಂಡ ಬಂದು ಬಗ್ಗಿ ನೋಡಿದ. “ಅದು ಡಾಕ್ಟ್ರ ಲೆಕ್ಕದ್ದಲ್ಲ ಕಣಪ್ಪಾ. ಕೂತ್ಕೋ.”

ಸಂಜೆಯವರೆಗೆ ಯೋಚಿಸಿ ಅವಳು ಆ ಭಾಗವನ್ನು ಮತ್ತೆ ಹೇಳಿದಳು. ಶಿಕ್ಷೆಗೆ ತಲೆಬಾಗಬೇಕಾದ್ದು ಎಲ್ಲರೂ ಕೂತು ಕೇಳಬಹುದಾದ ನ್ಯಾಯಾಲಯದ ಮುಂದೆ, ಆದೇಶ ಕೊಟ್ಟ ಅಧಿಕಾರಿಯ ಮುಂದಲ್ಲ. ಹೇಳಿ ಮುಗಿಸಿದಾಗ, ತಾನು ಮೊದಲು ನಿಂತಿದ್ದ ಜಾಗದಿಂದ ತುಸು ಸರಿದಿದ್ದೇನೆ ಎಂದು ಅವಳಿಗೇ ತಿಳಿಯಿತು. ಯಾರೂ ಸರಿಯಿರಿ ಎಂದು ಗದರಿರಲಿಲ್ಲ.

ದೃಷ್ಟಿ ಬಹುಪಾಲು ಮರಳಿತು. ಬಾಗಿಲ ಚೌಕಟ್ಟು ಸ್ವಲ್ಪ ಸೊಟ್ಟಗೆ ಕಾಣುವುದು ಮಾತ್ರ ಉಳಿಯಿತು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಅದೇ ಜಾಗಕ್ಕೆ ಕೈಹಾಕಿದರು. ಅವಳು ತಡವರಿಸದೆ ಉತ್ತರಿಸಿದಳು. ಪಾಸಾಗಿದ್ದೀಯ ಎಂದು ಮೇಡಂ ಕೈಹಿಡಿದುಕೊಂಡು ಹೇಳಿದರು.

ತಕರಾರು ಹೊರಗೆ ಮೆಟ್ಟಿಲ ಮೇಲೆ ಕಾದಿದ್ದ. ಅವಳು ಹೋಗಿ ಅವನ ಮುಂದೆ ನಿಂತಳು.

“ನಿನ್ನ ಋಣ ದೊಡ್ಡದು ಕಣೋ” ಎಂದಳು.

ಅವನು ಗಡ್ಡ ಕೆರೆದುಕೊಂಡು ನೆಲ ನೋಡಿದ. “ನಾಡಿದ್ದು ನನ್ನ ಪರೀಕ್ಷೆ ಅಕ್ಕಾ. ಹಾಸ್ಟೆಲ್ ರೂಮಲ್ಲಿ ಎಲ್ಲರೂ ನನ್ನ ಪ್ರಬಂಧ ಚೆನ್ನಾಗಿದೆ, ಚೆನ್ನಾಗಿದೆ ಅಂತಾರೆ. ಸ್ವಲ್ಪ ಹೊತ್ತು ಜಗಳ ಆಡ್ತೀರಾ?”

ಅವಳು ಮೆಟ್ಟಿಲ ಮೇಲೆ ಅವನ ಪಕ್ಕ ಕೂತು, ಅವನ ಕೈಯಲ್ಲಿದ್ದ ಪ್ರಬಂಧ ತೆಗೆದುಕೊಂಡು ಮೊದಲ ಪುಟ ತೆರೆದಳು.